ನಾಳೆ ಸಂಜೆಯ ನಾಲ್ಕು ಡಿಗ್ರಿ

ಮೊನ್ನೆ ಮಹಡಿ ಮೇಲಿನ ಸುಮಿತ್ರಾ ತಟ್ಟೆಯಲ್ಲಿ ಒಂದು ಕೇಕಿನ ತುಂಡು ಹಿಡಿದುಕೊಂಡು ಬಂದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ, ಎಂದೂ ದನಿ ಏರಿಸದ ಹೆಣ್ಣುಮಗಳು. ಬಡ್ತಿ ಸಿಕ್ಕಿತ್ತಂತೆ. ಬಿಳಿ ಕೆನೆ, ಅದರ ಮೇಲೊಂದು ಕೆಂಪು ಹಣ್ಣು. ಅಭಿನಂದನೆ ಹೇಳುವುದು ಬಿಟ್ಟು ನಾನು, ಇದನ್ನು ಎಲ್ಲಿ ಇಟ್ಟಿದ್ದೆ ಎಂದು ಕೇಳಿದೆ. ಫ್ರಿಜ್ಜಿನಲ್ಲಿ, ಇನ್ನೆಲ್ಲಿ ಇಡಲಿ ಎಂದು ಅವಳು ಕಕ್ಕಾಬಿಕ್ಕಿಯಾದಳು. ಅವಳದು ಸರಿಯೇ. ಕೇಕು ಇರುವುದು ಫ್ರಿಜ್ಜಿನಲ್ಲೇ. ಆದರೆ ನನಗೆ ಅದನ್ನು ತಿನ್ನಲಾಗಲಿಲ್ಲ. ಅವಳು ಹೋದ ಮೇಲೆ ಕಾಂಪೌಂಡಿನ ಮೇಲಿಟ್ಟೆ, ಕಾಗೆಗಳು ತಿಂದವು. ಆಮೇಲೆ ಮನಸ್ಸಿಗೆ ಕೆಟ್ಟೆನಿಸಿ, ನೋಯುವ ಮೊಣಕಾಲು ಎಳೆದುಕೊಂಡು ಹದಿನೆಂಟು ಮೆಟ್ಟಿಲು ಹತ್ತಿ, ತಪ್ಪಾಯಿತು ತಾಯಿ ಎಂದು ಹೇಳಿ, ಅವಳ ಸೋಫಾದ ಮೇಲೆ ಕುಳಿತು ಈ ಕತೆಯನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಅಂದಿನಷ್ಟೇ ಸಿಟ್ಟು ಬಂತು. ಅವಳು ಗಾಬರಿಯಾಗಿ ನೀರು ತಂದುಕೊಟ್ಟಳು. ಈಗ ನಿಮಗೂ ಹೇಳುತ್ತೇನೆ, ನೀರು ನಾನೇ ಹತ್ತಿರ ಇಟ್ಟುಕೊಂಡಿದ್ದೇನೆ.

ನಾನು ಡಾಕ್ಟರು. ಆದರೆ ನೀವು ತಿಳಿದುಕೊಂಡಂಥ ಡಾಕ್ಟರಲ್ಲ. ಮೂವತ್ತು ವರ್ಷ ಒಂದು ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸಿ, ನಿವೃತ್ತಳಾಗಿ, ಜಮಖಂಡಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ರೋಗ ಬಂದ ಮೇಲೆ ಓಡುವುದು ಬೇರೆಯವರ ಕೆಲಸ, ಬಾರದಂತೆ ನೋಡಿಕೊಳ್ಳುವುದು ನಮ್ಮದು. ಕುಡಿಯುವ ನೀರು, ಲಸಿಕೆ, ಸೊಳ್ಳೆ, ಬಾಣಂತಿಯರ ಊಟ, ಪಾಯಿಖಾನೆ. ಪಾಯಿಖಾನೆಯ ಗುಂಡಿ ಬಾವಿಯಿಂದ ಎಷ್ಟು ದೂರ ಇರಬೇಕು ಎಂಬ ಪಾಠ ಪ್ರತಿವರ್ಷ ಮಧ್ಯಾಹ್ನದ ಊಟ ಮುಗಿದ ತಕ್ಷಣವೇ ಬರುತ್ತಿತ್ತು, ವೇಳಾಪಟ್ಟಿ ಮಾಡುವವರಿಗೆ ನನ್ನ ಮೇಲೆ ಏನು ಸೇಡಿತ್ತೋ. ಹುಡುಗರು ನನಗೆ ‘ಸಂಡಾಸ ಮೇಡಂ’ ಎಂದು ಹೆಸರಿಟ್ಟಿದ್ದರು. ಮೊದಲ ವರ್ಷ ಅದನ್ನು ಕೇಳಿ ಅತ್ತಿದ್ದೆ. ಹತ್ತನೆಯ ವರ್ಷದ ಹೊತ್ತಿಗೆ ಆ ಹೆಸರಿನಿಂದ ಕೂಗಿದರೆ ತಿರುಗಿ ನೋಡುವಷ್ಟು ಹೊಂದಿಕೊಂಡಿದ್ದೆ. ಒಮ್ಮೆ ಶಸ್ತ್ರಚಿಕಿತ್ಸೆಯ ಪ್ರೊಫೆಸರೊಬ್ಬರು ಎಲ್ಲರೆದುರಿಗೆ, ನಿಮ್ಮ ಪೇಷಂಟು ಯಾರು ಮೇಡಂ ಎಂದು ಕೇಳಿ ನಕ್ಕರು. ನಿಮ್ಮ ಹತ್ತಿರ ಬಾರದೆ ಉಳಿದವರು ಎಂಬ ಉತ್ತರ ನನಗೆ ಹೊಳೆಯಿತು, ಅವರು ವರ್ಗವಾಗಿ ಹೋದ ನಾಲ್ಕು ವರ್ಷದ ಮೇಲೆ, ಕುಕ್ಕರ್ ತೊಳೆಯುತ್ತಿದ್ದಾಗ.

ನಮ್ಮವ್ವನಿಗಂತೂ ಕೊನೆಯವರೆಗೂ ನನ್ನ ಕೆಲಸ ತಿಳಿಯಲಿಲ್ಲ. ಬನಹಟ್ಟಿಯ ನಮ್ಮ ಓಣಿಯವರು ಮಗಳು ಡಾಕ್ಟರಾಗಿದ್ದಾಳೆಂದು ಮೊಣಕಾಲು, ಸೊಂಟ, ಹೊಟ್ಟೆ ಎಲ್ಲ ಹೊತ್ತುಕೊಂಡು ಬರುತ್ತಿದ್ದರು. ನಾನು ಉಪ್ಪು ಕಡಿಮೆ ಮಾಡಿ, ನಡೆಯಿರಿ ಎನ್ನುತ್ತಿದ್ದೆ. ಅವರು ವಿನಯದಿಂದ ಚಹಾ ಕುಡಿದು, ಸೀದಾ ಬಸ್‌ಸ್ಟ್ಯಾಂಡ್ ಹತ್ತಿರ ಸೂಜಿ ಚುಚ್ಚುವವನ ಕಡೆ ಹೋಗುತ್ತಿದ್ದರು. ಅವ್ವ ನಾಚಿಕೆಯಿಂದ ಒಳಗೆ ಹೋಗಿಬಿಡುತ್ತಿದ್ದಳು.

ಆದರೆ ಸೂಜಿಯ ವಿಷಯದಲ್ಲಿ ಅವ್ವನಿಗೊಂದು ನೋವಿತ್ತು. ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು ನೀಲಾ, ನನ್ನ ತಂಗಿ. ನಮ್ಮದು ನೇಕಾರರ ಓಣಿ, ಬೆಳಗಿನಿಂದ ಮಗ್ಗಗಳ ಖಟ್‌ಖಟ್, ಗಟಾರದಲ್ಲಿ ಒಂದು ದಿನ ಕೆಂಪು ನೀರು, ಒಂದು ದಿನ ಹಸಿರು. ನೀಲಾ ಆ ನೀರಲ್ಲಿ ಕಾಲಿಟ್ಟು ಬಣ್ಣದ ಹೆಜ್ಜೆ ಮೂಡಿಸುತ್ತ ಮನೆಯೊಳಗೆ ಬರುತ್ತಿದ್ದಳು. ಅವಳು ಕೂಸಾಗಿದ್ದಾಗ ಅವ್ವ ಮೂರು ಸಲ ನಡೆದುಕೊಂಡು ಹೋಗಿ ಸೂಜಿ ಹಾಕಿಸಿದ್ದಳು, ಓಣಿಯಲ್ಲಿ ಹಾಗೆ ಹಾಕಿಸಿದವಳು ಅವಳೊಬ್ಬಳೇ. ಒಂದು ಸಲ ನಾನೂ ಜೊತೆಗಿದ್ದೆ. ಕಂಪೌಂಡರು ಕಿಟಕಿಯ ಕಟ್ಟೆಯ ಮೇಲಿನ ಶೀಶೆ ತೆಗೆದುಕೊಂಡರು, ಬಿಸಿಲು ಬಿದ್ದು ಅದು ಹೊಳೆಯುತ್ತಿತ್ತು. ಇದನ್ನು ನಿಜವಾಗಿ ಕಂಡೆನೋ, ಓದು ಕಲಿತ ಮೇಲೆ ಕಲ್ಪಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ನಾಲ್ಕು ವರ್ಷದವಳಾದಾಗ ನೀಲಾ ಆ ಸೂಜಿ ತಡೆಯಬೇಕಿದ್ದ ಗಂಟಲಮಾರಿಯಿಂದಲೇ ಸತ್ತಳು. ಮೂರು ದಿನ ಅಪ್ಪನ ಮಗ್ಗ ನಿಂತಿತ್ತು. ನೋಡಲು ಬಂದವರಿಗೆಲ್ಲ ಅವ್ವ ಒಂದೇ ಮಾತು ಹೇಳುತ್ತಿದ್ದಳು: “ನಾವು ಸೂಜಿ ಹಾಕಿಸಿದ್ವಿರೀ.”

ಆಮೇಲೆ ನಮ್ಮ ಓಣಿಯಲ್ಲಿ ಬಹಳ ವರ್ಷ ಯಾರೂ ಸೂಜಿ ಹಾಕಿಸಲಿಲ್ಲ. ಹಾಕಿಸಿದವಳ ಮಗಳೇ ಹೋದಳಲ್ಲ ಎಂದರು. ವೈದ್ಯಕೀಯ ಓದುವಾಗ ಒಂದು ಮಧ್ಯಾಹ್ನ, ಲಸಿಕೆ ತಯಾರಾದಲ್ಲಿಂದ ಮಗುವಿನ ತೊಡೆಯವರೆಗೆ ಎರಡರಿಂದ ಎಂಟು ಡಿಗ್ರಿ ತಂಪಿನಲ್ಲೇ ಬರಬೇಕು, ಬಿಸಿಲೂ ಕೂಡದು, ಹೆಪ್ಪೂ ಕೂಡದು, ಕೆಟ್ಟರೆ ಅದು ಬರೀ ನೀರಿಗೆ ಸಮ ಎಂಬ ಪಾಠ ಬಂತು. ನನ್ನ ಕೈಯ ಪೆನ್ನು ನಿಂತಿತು. ಎಲ್ಲರೂ ಹೃದಯ, ಮಿದುಳು ಎಂದು ಓಡುವಾಗ ನಾನು ಈ ಯಾರಿಗೂ ಬೇಡದ ವಿಷಯ ಆರಿಸಿಕೊಂಡದ್ದು ಸಿಟ್ಟಿನಿಂದ. ಸೇವಾ ಮನೋಭಾವ ಎಂದು ಸನ್ಮಾನ ಪತ್ರದಲ್ಲಿ ಬರೆಯುತ್ತಾರೆ, ಬರೆದುಕೊಳ್ಳಲಿ.

ಸನ್ಮಾನ ಎಂದೆ ನೋಡಿ, ಅಲ್ಲಿಗೇ ಬಂದೆ. ನನ್ನ ವಿದ್ಯಾರ್ಥಿಗಳಲ್ಲಿ ಬೀರಪ್ಪ ಎಂಬವನಿದ್ದ. ಬೀಳಗಿ ಕಡೆಯ ಕುರಿ ಸಾಕುವ ಮನೆತನದವನು. ಮೊದಲ ದಿನ ಹಾಜರಿ ಕೂಗಿದಾಗ ಹಿಂದಿನ ಬೆಂಚಿನವರು ‘ಬೀರು, ಬೀರು’ ಎಂದು ಕಿಸಕ್ಕೆಂದರು. ಅವನು ಎದ್ದು ನಿಂತು ಶಾಂತವಾಗಿ, ನಮ್ಮ ದೇವರ ಹೆಸರ್ರಿ ಮೇಡಂ ಎಂದ. ಆ ಕ್ಷಣದಿಂದ ಅವನು ನನ್ನವನಾದ. ಒಳ್ಳೆಯ ಅಂಕ ಬಂದರೂ ಊರ ಕಡೆಯೇ ಇರುತ್ತೇನೆಂದು ಸರಕಾರಿ ನೌಕರಿ ಹಿಡಿದು, ನಮ್ಮ ಭಾಗದ್ದೇ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಾದ. ಊರಿನ ಹೆಸರು ಬೇಡ. ಸುತ್ತ ಕಬ್ಬು, ಕಬ್ಬಿನ ನಡುವೆ ಒಂದು ರಸ್ತೆ, ರಸ್ತೆಯ ಕೊನೆಗೆ ಹಳದಿ ಬಣ್ಣದ ಕಟ್ಟಡ ಎಂದರೆ ಸಾಕು, ಅಂಥವು ಹತ್ತಿವೆ.

ನಾನು ನಿವೃತ್ತಳಾದ ವರ್ಷ ಅವನು ತನ್ನ ಕೇಂದ್ರದಲ್ಲಿ ನನಗೊಂದು ಸನ್ಮಾನ ಇಟ್ಟುಕೊಂಡ. ಬೇಡವೆಂದೆ. ಬೇಡವೆನ್ನುವಾಗಲೇ ಯಾವ ಸೀರೆ ಉಡಲಿ ಎಂದು ಯೋಚಿಸುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಕಾರ್ಯಕ್ರಮ ಗುರುವಾರ ಹನ್ನೊಂದಕ್ಕೆ. ಕಬ್ಬಿನ ಟ್ರ್ಯಾಕ್ಟರುಗಳಿಗೆ ಸಿಕ್ಕಿಬಿದ್ದರೆ ತಡವಾದೀತೆಂದು ಬೇಗ ಹೊರಟೆ. ಅಂದು ದಾರಿ ಖಾಲಿ, ಒಂಬತ್ತೂವರೆಗೇ ಮುಟ್ಟಿದೆ. ಗುರುವಾರ ಲಸಿಕೆಯ ದಿನ. ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಹೊರಗಿನ ಜಗಲಿಯ ಮೇಲೆ ಬಿಸಿಲಲ್ಲಿ ಕುಳಿತಿದ್ದರು. ಅವರು ಕೂರಬೇಕಾದ ಕೋಣೆಯಲ್ಲಿ ನನ್ನ ಸನ್ಮಾನಕ್ಕೆ ಕುರ್ಚಿ ಹಾಕಿ, ನನ್ನ ಭಾವಚಿತ್ರದ ಬ್ಯಾನರ್ ಕಟ್ಟಿದ್ದರು. ಸಿಟ್ಟು ಅಲ್ಲಿಂದಲೇ ಶುರುವಾಯಿತು.

ಯಾರ ಮನೆಗೆ ಹೋದರೂ ದೇವರ ಕೋಣೆ ನೋಡುವವರಿದ್ದಾರೆ, ನಾನು ಯಾವ ಆಸ್ಪತ್ರೆಗೆ ಹೋದರೂ ಲಸಿಕೆಯ ಫ್ರಿಜ್ಜು ನೋಡುತ್ತೇನೆ. ಅದು ಮೇಲಿನಿಂದ ಮುಚ್ಚಳ ತೆರೆಯುವ ಪೆಟ್ಟಿಗೆಯಂಥದು. ಕಸ್ತೂರಿ ಎಂಬ ಸಿಸ್ಟರು ಅಡ್ಡ ಬಂದಂತೆ ಮಾಡಿ, ಚಹಾ ಕುಡೀರಿ ಮೇಡಂ, ಆಮ್ಯಾಲೆ ನೋಡೂಣು ಎಂದಳು. ನಾನು ಮುಚ್ಚಳ ಎತ್ತಿದೆ.

ಒಳಗೆ ಕೇಕು ಇತ್ತು. ಹೊಲದಷ್ಟು ದೊಡ್ಡ ಕೇಕು, ಮೇಲೆ ಕೆನೆಯಲ್ಲಿ ಬರೆದ ನನ್ನ ಹೆಸರು. ಕೇಕಿನ ಡಬ್ಬಿ ಹಿಡಿಸಲೆಂದು ಲಸಿಕೆಯ ಬುಟ್ಟಿಗಳನ್ನೆಲ್ಲ ಹೊರತೆಗೆದು, ಶೀಶೆಗಳನ್ನು ಪೆಟ್ಟಿಗೆಯ ತಳಕ್ಕೆ ಸುರಿದಿದ್ದರು. ತಳದಲ್ಲಿ ತಂಪು ಅತಿ ಹೆಚ್ಚು, ಅಲ್ಲಿ ಶೀಶೆ ಇಡಲೇಬಾರದು ಎಂದು ಮೂವತ್ತು ವರ್ಷ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದವಳು ನಾನು. ಕೈಹಾಕಿ ಒಂದು ಶೀಶೆ ತೆಗೆದೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾತ ಎಲ್ಲದಕ್ಕೂ ಸೇರಿಸಿ ಕೊಡುವ ಲಸಿಕೆ. ಅಲ್ಲಾಡಿಸಿದೆ, ಒಳಗೇನೂ ಅಲ್ಲಾಡಲಿಲ್ಲ. ಕಲ್ಲಾಗಿತ್ತು. ಇನ್ನೊಂದು, ಅದೂ ಕಲ್ಲು. ಕಸ್ತೂರಿ ಅಳುಕುತ್ತ, ಕೈಯಾಗ ಹಿಡದ್ರ ಕರಗತಾವ್ರಿ ಎಂದಳು. ಅಂದರೆ ಕರಗಿಸಿ, ಹೊರಗೆ ಬಿಸಿಲಲ್ಲಿ ಕುಳಿತ ಕೂಸುಗಳಿಗೆ ಚುಚ್ಚುವವಳಿದ್ದಳು. ಕೂಸಿಗೆ ನೋವು ಮಾತ್ರ ಸಿಗುತ್ತಿತ್ತು, ರಕ್ಷಣೆ ಸಿಗುತ್ತಿರಲಿಲ್ಲ.

ಫ್ರಿಜ್ಜಿನ ಪಕ್ಕದ ಗೋಡೆಗೆ ಉಷ್ಣಾಂಶದ ಪುಸ್ತಕ ತೂಗುಹಾಕಿದ್ದರು. ದಿನಕ್ಕೆರಡು ಸಲ ನೋಡಿ ಬರೆಯಬೇಕು. ತಾನೇ ಅಳೆದು ಮೇಲಿನವರಿಗೆ ಸುದ್ದಿ ಕಳಿಸುವ ಯಂತ್ರವೂ ಈಗ ಇರುತ್ತದೆ, ಅಲ್ಲಿಯದು ಕೆಟ್ಟು ರಿಪೇರಿಗೆ ಹೋದದ್ದು ತಿರುಗಿ ಬಂದಿರಲಿಲ್ಲ. ಪುಸ್ತಕ ತೆರೆದೆ. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ಹಾಳೆ ಹಾಳೆ ತುಂಬ ಮುತ್ತು ಪೋಣಿಸಿದಂತೆ ನಾಲ್ಕು. ಆ ದಿನದ ಸಂಜೆಯ ನಾಲ್ಕೂ ಬರೆದಾಗಿತ್ತು, ಮರುದಿನ ಬೆಳಗಿನದೂ, ಮರುದಿನ ಸಂಜೆಯದೂ. ಗಡಿಯಾರ ನೋಡಿದೆ, ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಶುಕ್ರವಾರ ಸಂಜೆಯ ಉಷ್ಣಾಂಶ ನನ್ನ ಕೈಯಲ್ಲಿತ್ತು.

ಯಾರು ಬರೆದದ್ದು ಎಂದು ಕೇಳಿದೆ. ನನ್ನ ದನಿ ಜಗಲಿಯವರೆಗೆ ಕೇಳಿಸಿತಂತೆ. ಕಸ್ತೂರಿ ಅಳಲಿಲ್ಲ. ಅವಳಿಗೂ ಸಿಟ್ಟಿತ್ತು, ಅದು ನನಗೆ ಆಮೇಲೆ ತಿಳಿಯಿತು.

“ಖರೇದ್ದ ಬರದಿದ್ನಿರಿ ಮೊದಲ,” ಎಂದಳು. “ಕರೆಂಟ್ ಹೋಗಿ ಹನ್ನೊಂದ ಡಿಗ್ರಿ ಆಗಿತ್ತು, ಹನ್ನೊಂದಽ ಅಂತ ಬರದ್ನಿ. ನೋಟೀಸ್ ಕೊಟ್ರು. ಜನರೇಟರಿಗೆ ಎಣ್ಣಿ ಕೇಳಿದ್ನಿ, ಕೊಡಲಿಲ್ಲ. ಬಂದ ಸಾಹೇಬ್ರಿಗೆಲ್ಲಾ ನಾಕು ಬೇಕು. ನಾಕು ಬರದ್ನಿರಿ.”

ಅಷ್ಟರಲ್ಲಿ ಬೀರಪ್ಪ ಬಂದ. ಹೊಸ ಅಂಗಿ, ಕೈಯಲ್ಲಿ ನನಗೆಂದು ತಂದ ಶಾಲು. ತೆರೆದ ಫ್ರಿಜ್ಜು ನೋಡಿದ, ನನ್ನ ಮುಖ ನೋಡಿದ. ಶೀಶೆಯನ್ನು ಅವನ ಅಂಗೈಯಲ್ಲಿಟ್ಟೆ. ಕೇಕು ಬುಧವಾರ ಮಧ್ಯಾಹ್ನ ಬಾಗಲಕೋಟೆಯಿಂದ ಬಂದಿತ್ತಂತೆ, ಕೆನೆ ಕರಗೀತೆಂದು ಇಲ್ಲಿ ಇಡಲು ಹೇಳಿದವನು ಅವನೇ. ಒಂದು ದಿನದ ಮಟ್ಟಿಗೆ ಏನಾದೀತು ಎಂದುಕೊಂಡನಂತೆ. ನಾನು ಅವನಿಗೆ ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ. ನಿನ್ನಂಥವನಿಗೆ ಕಲಿಸಿದ್ದಕ್ಕಿಂತ ಕುರಿ ಕಾಯಬಹುದಿತ್ತು ಎಂದೂ ಅಂದೆ. ಕುರಿ ಕಾಯುವ ಮನೆಯಿಂದ ಬಂದವನಿಗೆ ಹಾಗೆ ಅಂದೆನಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿದ. ಈ ಸುಳ್ಳು ಬರೆಯುವುದನ್ನು ಎಲ್ಲಿ ಕಲಿತೆಯೋ ಎಂದಾಗ ಮಾತ್ರ ತಲೆ ಎತ್ತಿದ.

“ನಿಮ್ಮ ಕಡೇನಽ ರೀ ಮೇಡಂ.”

ನನ್ನ ಕಡೆಯೇ ಎಂದು ಕೇಳಿದೆ.

“ಕಾಲೇಜಿಗೆ ಇನ್ಸ್‌ಪೆಕ್ಷನ್ ಬಂದಾಗ ಒಂದ ವರ್ಷದ ಮನಿ ಭೇಟಿ ರಜಿಸ್ಟರು ಒಂದ ಮಧ್ಯಾಹ್ನದಾಗ ಬರದ್ವಿ. ನನ್ನ ಅಕ್ಷರ ಛಲೋ ಅದಾವಂತ ನನಗಽ ಕುಂಡ್ರಿಸಿದ್ರಿ. ಹೋಗದ ಮನಿಗೆ ಹೋಗೀವಿ ಅಂತ ಬರದ್ನಿ. ನೀವು ಸಹಿ ಮಾಡಿದ್ರಿ.”

ಸಹಿ ಮಾಡಿದ್ದೆ. ಹಾಳೆಗಳ ಮೇಲೆ ಹಾಳೆ, ತಲೆ ಎತ್ತದೆ. ಸಹಿ ಮಾಡದಿದ್ದರೆ ಕಾಲೇಜಿನ ಮಾನ್ಯತೆ ಹೋಗುತ್ತದೆ, ನೂರಾರು ಮಕ್ಕಳ ವರ್ಷ ಹಾಳಾಗುತ್ತದೆ ಎಂದಿದ್ದರು. ನಡುವೆ ಅವರಿಗೆಲ್ಲ ಚಹಾ, ಭಜಿ ತರಿಸಿದ್ದೆ. ಒಳ್ಳೆಯ ಮೇಡಂ ಅಲ್ಲವೇ ನಾನು. ನೀಲಾಳ ಸಾವಿನ ಸಿಟ್ಟಿನಿಂದ ಈ ಕೆಲಸಕ್ಕೆ ಬಂದವಳು, ಕಿಟಕಿಯ ಕಟ್ಟೆಯ ಮೇಲೆ ಶೀಶೆ ಇಟ್ಟವರನ್ನು ಜೀವನವಿಡೀ ಬೈದವಳು, ಒಬ್ಬ ಒಳ್ಳೆಯ ಹುಡುಗನ ಕೈಗೆ ಪೆನ್ನು ಕೊಟ್ಟು ಸುಳ್ಳು ತಿದ್ದಿಸಿದ್ದೆ. ನನ್ನ ಸಿಟ್ಟಿಗೆ ಅಲ್ಲಿಯತನಕ ನಾನೊಬ್ಬಳೇ ಸಿಕ್ಕಿರಲಿಲ್ಲ. ಅವತ್ತು ಸಿಕ್ಕೆ.

ಹೊರಗೆ ಕೂಸುಗಳು ಅಳುತ್ತಿದ್ದವು. ಸ್ಟಾಕ್ ಇಲ್ಲವೆಂದು ಹೇಳಿ ಕಳಿಸೋಣವೇ ಎಂದು ಬೀರಪ್ಪ ಕೇಳಿದ. ಇನ್ನೊಂದು ನಾಲ್ಕು ಬರೆಯುತ್ತೀಯಾ ಎಂದೆ. ಆಮೇಲೆ ಇಬ್ಬರೂ ಹೊರಗೆ ಹೋದೆವು. ಮಾತನಾಡಿದವನು ಅವನೇ. ತಪ್ಪು ತನ್ನದು, ಔಷಧಿ ಕೆಟ್ಟಿದೆ, ಇವತ್ತು ಹಾಕುವುದಿಲ್ಲ ಎಂದು ಹೇಳಿದ. ಕೆಲವರು ಗೊಣಗಿದರು. ಒಂದು ದಿನದ ಕೂಲಿ ಬಿಟ್ಟು ಬಂದವರು. ಮುಂದೆ ಕುಳಿತಿದ್ದವಳು ಲಕ್ಕವ್ವ ಎಂಬ ಹುಡುಗಿ, ಹುಡುಗಿಯೇ, ಇಪ್ಪತ್ತು ದಾಟಿರಲಿಕ್ಕಿಲ್ಲ, ಮಡಿಲಲ್ಲಿ ಹೆಣ್ಣುಕೂಸು. ಬೀರಪ್ಪನ ಕಡೆಯವರೇ, ಕುರಿಯವರು. ಅವಳು ಗೊಣಗಲಿಲ್ಲ, ಕೇಳಿದಳು.

“ಹೋದ ತಿಂಗಳ ಹಾಕಿದ್ರಲ್ಲಾ, ಅದು ಛಲೋ ಇತ್ತೇನ್ರಿ?”

ಬೀರಪ್ಪ ಕಸ್ತೂರಿಯನ್ನು ನೋಡಿದ, ಕಸ್ತೂರಿ ನನ್ನನ್ನು ನೋಡಿದಳು. ಗೋಡೆಗೆ ತೂಗುಹಾಕಿದ ಪುಸ್ತಕದಲ್ಲಿ ಆ ತಿಂಗಳ ತುಂಬ ನಾಲ್ಕೇ ಇತ್ತು, ಅದರಿಂದ ಏನೂ ಗೊತ್ತಾಗುವಂತಿರಲಿಲ್ಲ. ಗೊತ್ತಿಲ್ಲವ್ವ ಎಂದೆ. ನಾನು ಡಾಕ್ಟರಾದ ಮೇಲೆ ಅಷ್ಟು ಖರೆ ಮಾತು ಆಡಿದ್ದು ಅಪರೂಪ.

ಸನ್ಮಾನ ನಡೆಯಲಿಲ್ಲ. ಕೇಕು ಏನಾಯಿತೋ ನಾನು ಕೇಳಲಿಲ್ಲ. ಬೀರಪ್ಪ ಅಂದೇ ಜಿಲ್ಲೆಗೆ ವರದಿ ಬರೆದ, ಕೇಕನ್ನೂ ಬಿಡದೆ. ಅದನ್ನು ಓದಿದ ಮೇಲಧಿಕಾರಿಯೊಬ್ಬರು ಫೋನು ಮಾಡಿ, ಕೇಕಿನ ವಿಷಯ ತೆಗೆದುಬಿಡು, ಕರೆಂಟ್ ಹೋಗಿತ್ತೆಂದು ಬರೆ ಎಂದರಂತೆ. ಅವನು ತೆಗೆಯಲಿಲ್ಲ. ಅವನಿಗೆ ವಿಚಾರಣೆಯಾಗಿ ಒಂದು ವರ್ಷದ ವೇತನ ಬಡ್ತಿ ತಪ್ಪಿತು. ಕಸ್ತೂರಿಯನ್ನು ದೂರಕ್ಕೆ ಎತ್ತಂಗಡಿ ಮಾಡಲು ಹೊರಟಿದ್ದರು. ಖರೆ ಬರೆದಿದ್ದಕ್ಕೆ ಅವಳಿಗೆ ಕೊಟ್ಟಿದ್ದ ಹಳೆಯ ನೋಟೀಸನ್ನು ಹುಡುಕಿ ತೆಗೆದು, ನಾನು ಜಿಲ್ಲಾ ಕಚೇರಿಗೆ ಹೋಗಿ ಮೂರು ಸಲ ಕುರ್ಚಿಯ ಮೇಲೆ ಕುಳಿತೆ. ಮೂರನೆಯ ಸಲ ನನ್ನ ದನಿ ಅಲ್ಲಿಯ ಜಗಲಿಗೂ ಕೇಳಿಸಿತು. ಅವಳು ಉಳಿದಳು. ಜನರೇಟರಿಗೆ ಎಣ್ಣೆಯೂ ಬಂತು. ನನ್ನ ಹಳೆಯ ಕಾಲೇಜಿಗೂ ಒಂದು ಪತ್ರ ಬರೆದೆ, ಆ ರಜಿಸ್ಟರುಗಳು ಸುಳ್ಳು, ಸಹಿ ನನ್ನದು ಎಂದು. ಉತ್ತರವಾಗಿ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬರಬೇಕೆಂಬ ಆಮಂತ್ರಣ ಬಂತು. ಪತ್ರವನ್ನು ಯಾರೂ ಓದಿರಲಿಲ್ಲ, ಅಥವಾ ಚೆನ್ನಾಗಿಯೇ ಓದಿದ್ದರು.

ಹಿಂದಿನ ಕೆಲವು ತಿಂಗಳಲ್ಲಿ ಸೂಜಿ ಹಾಕಿಸಿಕೊಂಡ ಕೂಸುಗಳಿಗೆಲ್ಲ ಮತ್ತೆ ಹಾಕಬೇಕೆಂದು ತೀರ್ಮಾನವಾಯಿತು. ನಾನೂ ಬರುತ್ತೇನೆಂದೆ. ಮೊಣಕಾಲು ಇಲ್ಲವೆಂದಿತು, ಅದನ್ನೂ ಬೈದೆ. ಬೀರಪ್ಪ, ಕಸ್ತೂರಿ, ನಾನು ಮನೆ ಮನೆ ತಿರುಗಿದೆವು. ಮೊದಲ ಕೆಲವು ದಿನ ನಾನೂ ಬೀರಪ್ಪನೂ ಜೀಪಿನಲ್ಲಿ ಮಾತಾಡುತ್ತಿರಲಿಲ್ಲ. ಒಂದು ದಿನ ಅವನೇ ತನ್ನ ಬುತ್ತಿಯ ರೊಟ್ಟಿ ಮುರಿದು ಅರ್ಧ ನನ್ನ ಕಡೆ ಚಾಚಿದ. ಕುರಿಯ ಮಾತು ಅಂದದ್ದು ತಪ್ಪು ಎಂದೆ. ಅವನು, ಪುಂಡಿಪಲ್ಯ ಖಾರ ಅದರಿ, ಸಾವಕಾಶ ಉಣ್ರಿ ಎಂದ. ಕೆಲವರು ನಮ್ಮನ್ನು ಬಾಗಿಲಿಂದಲೇ ಬೈದು ಕಳಿಸಿದರು. ಬೈಸಿಕೊಂಡೆವು, ಮರುದಿನ ಮತ್ತೆ ಹೋದೆವು. ಎಲ್ಲರೂ ಸಿಕ್ಕರು, ಲಕ್ಕವ್ವನ ಮನೆಯವರ ಹೊರತು. ಅವರು ಕುರಿ ಹೊಡೆದುಕೊಂಡು ಹೋಗಿಬಿಟ್ಟಿದ್ದರು.

ಚಿಕ್ಕಪಡಸಲಗಿಯ ಕಡೆ, ಹೊಳೆಯ ದಂಡೆಗೆ ಇದ್ದಾರೆಂದು ಬೀರಪ್ಪ ತನ್ನ ಬೀಗರಿಗೆಲ್ಲ ಫೋನು ಹಚ್ಚಿ ಪತ್ತೆ ಮಾಡಿದ. ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಜೀಪು ನಿಲ್ಲಿಸಿ, ಕಾಲಿಗೆ ಚುಚ್ಚುವ ಕಬ್ಬಿನ ಕೂಳೆಗಳ ನಡುವೆ ಅರ್ಧ ಮೈಲಿ ನಡೆದೆವು. ಒಂದು ಬಡಕಲು ನಾಯಿ ನಮ್ಮನ್ನು ಅಲ್ಲೇ ತಡೆದು ನಿಲ್ಲಿಸಿತು. ಲಕ್ಕವ್ವ ಬಂದು ನಾಯಿಯನ್ನು ಸುಮ್ಮನಾಗಿಸಿದಳು, ನಮ್ಮನ್ನು ಬಾ ಎನ್ನಲಿಲ್ಲ. ಬೀರಪ್ಪ ಎಲ್ಲ ಹೇಳಿದ. ಅವಳು ಕೂಸನ್ನು ಎತ್ತಿಕೊಂಡು ಬಂದಳು. ನೀವು ಹಾಕ್ರಿ, ಅವರು ಬ್ಯಾಡ ಎಂದಳು ಕೊನೆಗೆ, ನನ್ನ ಕಡೆ ನೋಡಿ. ಬೀರಪ್ಪ ತಂಪುಪೆಟ್ಟಿಗೆಯನ್ನು ನನ್ನ ಮುಂದಿಟ್ಟು ಹಿಂದೆ ಸರಿದು ನಿಂತ.

ನಾನು ಸೂಜಿ ಹಿಡಿಯದೆ ಎಷ್ಟು ವರ್ಷವಾಗಿತ್ತೋ. ಕೂಸಿನ ತೊಡೆ ಒರೆಸಿ ಚುಚ್ಚಿದೆ. ಕೂಸು ಒಂದು ಕ್ಷಣ ನನ್ನನ್ನು ದಿಟ್ಟಿಸಿ ನೋಡಿ, ಆಮೇಲೆ ಹೊಳೆಯ ಆಚೆ ದಂಡೆಗೆ ಕೇಳಿಸುವಂತೆ ಕಿರುಚಿ, ಎರಡೂ ಕಾಲಿನಿಂದ ನನ್ನ ಎದೆಗೆ ಒದ್ದು, ನನ್ನ ಕನ್ನಡಕ ಕಿತ್ತು ಕೂಳೆಯೊಳಗೆ ಎಸೆಯಿತು. ಲಕ್ಕವ್ವನಿಗೆ ನಾಚಿಕೆಯಾಯಿತು. ಅದನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತ, “ಭಾಳ ಸಿಟ್ಟಿನಾಕಿ ಅದಾಳ್ರಿ,” ಎಂದಳು.

ನಾನು ಮಣ್ಣಲ್ಲಿ ಕೈಯಾಡಿಸಿ ಕನ್ನಡಕ ಹುಡುಕುತ್ತಿದ್ದೆ.

“ಇರ್ಲಿ ಬಿಡವಾ,” ಎಂದೆ. “ಆ ಸಿಟ್ಟು ಇಕಿಗೆ ಬೇಕಾಗತೈತಿ.”